ಎತ್ತಿನ ಗತಿ, ಇರುಸಿನ ಶ್ರುತಿ

ನಮ್ಮ ಸರೋಲಾ ಕಣಿವೆಯಲ್ಲಿ ಹೆಂಡತಿಯ ಪಕ್ಕದಲ್ಲಿ ನಡೆಯಲು ಬಾರದ ಗಂಡಸೊಬ್ಬನಿದ್ದಾನೆ. ಪ್ರೀತಿಗೆ ಬರ ಬಂದು ಹಾಗಾದದ್ದಲ್ಲ, ಬರೀ ಅಭ್ಯಾಸಬಲ. ಹೆಸರು ಉಸೇಬಿ, ಮನೆ ಎರ್ರೆಕಾಲ್ದೆ. ನಮ್ಮಲ್ಲಿ ಮನುಷ್ಯನಿಗೆ ಹೆಸರು ಕೊಡುವುದು ಅಪ್ಪನಲ್ಲ, ಮನೆ. ಯಾವ ಸೂರಿನಡಿ ಮಲಗುತ್ತೀಯೋ ಆ ಸೂರಿನ ಹೆಸರೇ ನಿನ್ನ ಹೆಸರಿನ ಹಿಂದೆ ಬರುತ್ತದೆ, ಸೂರು ಬದಲಾದರೆ ಹೆಸರೂ ಬದಲು.

ಉಸೇಬಿ ಆಯುಸ್ಸೆಲ್ಲ ಎತ್ತಿನ ಗಾಡಿ ಹೊಡೆದವನು. ನಮ್ಮ ಗಾಡಿಯವರು ಗಾಡಿಯ ಮೇಲೆ ಕೂರುವ ಸೋಮಾರಿಗಳಲ್ಲ. ಎತ್ತುಗಳ ಮುಂದೆ ನಡೆಯುತ್ತಾರೆ, ಮುಳ್ಳುಗೋಲನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ, ಅದರ ತುದಿಯನ್ನು ನೊಗಕ್ಕೆ ತಾಗಿಸಿಕೊಂಡು. ಹಿಂದಿರುಗಿ ನೋಡುವ ಹಾಗಿಲ್ಲ. ನೋಡಿದರೆ ಎತ್ತುಗಳು, ಓಹೋ, ಇವನಿಗೇನೋ ಮಾತಾಡುವುದಿದೆ ಅಂದುಕೊಂಡು ನಿಂತುಬಿಡುತ್ತವೆ. ಎತ್ತು ಮಾರಿ ಎಷ್ಟೋ ವರ್ಷವಾದ ಮೇಲೂ ಉಸೇಬಿ ಹಾಗೇ ನಡೆಯುತ್ತಿದ್ದ. ಚರ್ಚಿಗೆ ಹೋಗುವಾಗ ಅವನು ಮುಂದೆ, ಊರುಗೋಲು ಹೆಗಲ ಮೇಲೆ; ಹತ್ತು ಮಾರು ಹಿಂದೆ ಹೆಂಡತಿ ಕಸಿಲ್ದಾ. ರಸ್ತೆ ದಾಟುವಾಗ ಕೋಲನ್ನು ಮೇಲೆತ್ತುತ್ತಿದ್ದ, ಅವಳು ನಿಲ್ಲಲಿ ಅಂತ. ಅವಳು ನಿಲ್ಲುತ್ತಲೂ ಇದ್ದಳು. ಒಮ್ಮೆ ಪಾದ್ರಿಗಳು, "ಇದೇನಮ್ಮಾ?" ಅಂತ ಕೇಳಿದ್ದಕ್ಕೆ, "ಹುಲ್ಲು ಹಾಕೋದೊಂದು ಬಾಕಿ, ಸ್ವಾಮಿ" ಅಂದಿದ್ದಳು.

ನಾನು ಲಿಬೋರಿ, ಅವರ ಮೊದಲ ನೆರೆಯವ. ಮೊದಲ ನೆರೆಯವನೆಂದರೆ ಬರೀ ಬೇಲಿಯಾಚೆಯವನಲ್ಲ. ಆ ಮನೆಯಲ್ಲಿ ಹುಟ್ಟಿದರೆ ಮೊದಲು ನನಗೆ ಹೇಳಬೇಕು, ಸತ್ತರೆ ಶಿಲುಬೆ ನಾನು ಹೊರಬೇಕು, ನಡುವೆ ನಡೆಯುವ ಜಗಳಗಳಿಗೆ ನಾನು ಸಾಕ್ಷಿ ಕೂರಬೇಕು. ಹಾಗಾಗಿ ಈ ಕತೆ ಹೇಳುವ ಹಕ್ಕು ನನ್ನದು. ಎಲ್ಲಾದರೂ ನಾನು ಉಬ್ಬಿಸಿದ್ದೇನೆ ಅನ್ನಿಸಿದರೆ, ನಿಜ ಇನ್ನೂ ದೊಡ್ಡದಿತ್ತು, ಕಾಗದ ಸಾಲಲಿಲ್ಲ ಅಂತ ತಿಳಿಯಬೇಕು.

ಅವನ ಎತ್ತುಗಳಿಗೆ ಗೊರ್ರಿ ಮತ್ತು ಪಿಂತೊ ಅಂತ ಹೆಸರು. ಅವುಗಳಷ್ಟು ನಿಧಾನದ ಜೋಡಿ ಪಿರನೀಸ್ ಬೆಟ್ಟದ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ. ಚರ್ಚಿನ ಗೋಡೆಗೆ ಕಲ್ಲು ತರಲು ಹೋದ ಗಾಡಿ ವಾಪಸ್ಸು ಬರುವಷ್ಟರಲ್ಲಿ ಪಾದ್ರಿ ಬದಲಾಗಿದ್ದರು, ಹೊಸಬರು "ಯಾವ ಕಲ್ಲು?" ಅಂತ ಕೇಳಿದರು. ಮಳೆಗಾಲದಲ್ಲಿ ಬಸವನಹುಳುಗಳು ಹಿಂದೆ ಸಾಲುಗಟ್ಟಿ, ದಾರಿ ಬಿಡಪ್ಪಾ ಅಂತ ಗೊಣಗುತ್ತಿದ್ದವು. ನಾನು ಕೇಳಿದ್ದೇನೆ.

ಇಂಥ ಜೋಡಿಯನ್ನು ಕಟ್ಟಿಕೊಂಡೇ ಅವನು ಆಲ್ದಾಬೆ ಮನೆಯಿಂದ ಕಸಿಲ್ದಾಳ ಮದುವೆಗಾಡಿ ತಂದದ್ದು.

ಕಸಿಲ್ದಾ ಆಲ್ದಾಬೆಯ ಹಿರಿಮಗಳು. ನಮ್ಮಲ್ಲಿ ಮನೆಯನ್ನು ಒಡೆಯುವುದಿಲ್ಲ, ಮಕ್ಕಳಲ್ಲಿ ಒಬ್ಬರಿಗೆ ಇಡಿಯಾಗಿ ಹೋಗುತ್ತದೆ. ಆಲ್ದಾಬೆ ಕಸಿಲ್ದಾಳಿಗೇ ಅಂತ ಅವಳು ತೊಟ್ಟಿಲಲ್ಲಿದ್ದಾಗಿಂದ ಎಲ್ಲರಿಗೂ ಗೊತ್ತಿತ್ತು. ಅಲ್ಲಿನ ಸೇಬಿನ ಮರಗಳು ಅವಳು ಕೆಮ್ಮಿದರೆ ಹಣ್ಣು ಉದುರಿಸುತ್ತಿದ್ದವು, ಅಷ್ಟು ಹೊಂದಿಕೆ. ಅಷ್ಟರಲ್ಲಿ ಅಮೆರಿಕದಲ್ಲಿ ಕುರಿ ಕಾಯುತ್ತಿದ್ದ ಅವಳ ತಮ್ಮ ಬಾಯಲ್ಲಿ ಚಿನ್ನದ ಹಲ್ಲು ಕಟ್ಟಿಸಿಕೊಂಡು ವಾಪಸ್ಸು ಬಂದ. ಅಪ್ಪ ಆ ಹಲ್ಲಿನ ಹೊಳಪು ನೋಡಿ ಮನೆಯನ್ನು ಅವನ ಹೆಸರಿಗೆ ಮಾಡಿದ. ಉಸೇಬಿ ಅದಕ್ಕೂ ಮೊದಲಿಂದ ಕಸಿಲ್ದಾಳ ಹಿಂದೆ ಬಿದ್ದಿದ್ದ. ಹಿಂದೆ ಅಂದರೆ ಇವನ ಲೆಕ್ಕದಲ್ಲಿ ಮುಂದೆ. ಮನೆ ಕೈತಪ್ಪಿದ ವರ್ಷವೇ ಅವಳು ಅವನಿಗೆ ಹೂಂ ಅಂದಳು.

ಮದುವೆಗಾಡಿಯಲ್ಲಿ ಹೆಣ್ಣಿನ ಹಾಸಿಗೆ, ಪೆಟಾರಿ, ರಾಟೆ, ತಾಮ್ರದ ಪಾತ್ರೆ ಎಲ್ಲ ಏರಿಸಿ ಊರ ಮಧ್ಯದಿಂದ ಗಂಡಿನ ಮನೆಗೆ ತರಬೇಕು, ಮತ್ತು ಆ ಗಾಡಿ ಕಿರುಚಬೇಕು. ಮರದ ಇರುಸು ಗಾಡಿಯಡಿಯ ಮರದ ಕಚ್ಚಿನಲ್ಲಿ ತಿರುಗುವಾಗ ಅದಕ್ಕೆ ಎಣ್ಣೆ ಕೊಡದೆ ರಾಳದ ಪುಡಿ ಹಾಕಿದರೆ ಏಳುವ ಸದ್ದಿದೆಯಲ್ಲ, ಅದೇ ಹೆಣ್ಣಿನ ಮರ್ಯಾದೆ. ಸದ್ದಿಲ್ಲದೆ ಬಂದ ಹೆಣ್ಣು ಕಳ್ಳಸಾಗಣೆಯ ಸರಕಿನ ಹಾಗೆ ಕಾಣುತ್ತಾಳೆ. ಮೊದಲ ನೆರೆಯವನಾಗಿ ಅವತ್ತು ರಾಳ ಹಾಕುವ ಕೆಲಸ ನನ್ನದು. ಕಿವಿಯಲ್ಲಿ ಕುರಿಯುಣ್ಣೆ ತುರುಕಿಕೊಂಡು, ಗಾಡಿಯ ಕೆಳಗೆ ಬಗ್ಗಿಕೊಂಡೇ ದಾರಿಯುದ್ದಕ್ಕೂ ಬಂದೆ. ಆ ಕಿರುಚಾಟಕ್ಕೆ ಪಕ್ಕದ ಕಣಿವೆಯ ಕೋಳಿಗಳು ಅವತ್ತಿನ ಮೊಟ್ಟೆಯ ಜೊತೆ ನಾಳೆಯದನ್ನೂ ಇಟ್ಟವು. ಸಮುದ್ರದಲ್ಲಿದ್ದ ಮೀನುಗಾರರು ಹಡಗು ಮುಳುಗುತ್ತಿದೆ ಅಂತ ದಡಕ್ಕೆ ತಿರುಗಿದರು. ಜನ ಬಾಗಿಲಿಗೆ ಬಂದು ಕೇಕೆ ಹಾಕಿದರು. ಒಳ್ಳೇ ಮರ್ಯಾದೆಯ ಗಾಡಿ ಅಂತ ಇವತ್ತಿಗೂ ಹೇಳುತ್ತಾರೆ.

ಆ ದಿನ ಗಾಡಿಯ ಜೊತೆ ನಡೆದವರಲ್ಲಿ ಚರ್ಚಿನ ಆರ್ಗನ್ ಬಾರಿಸುತ್ತಿದ್ದ ಡಾನ್ ಕ್ಲಾವುದಿಯೊ ಒಬ್ಬರು; ಓದಿದವರನ್ನು ನಮ್ಮಲ್ಲಿ ಮರ್ಯಾದೆಗೆ ಡಾನ್ ಅನ್ನುತ್ತೇವೆ. ಆಗಿನ್ನೂ ಹರೆಯದವರು, ತಲೆತುಂಬ ಸ್ವರ, ಬೂಟಿನ ದಾರ ಯಾವಾಗಲೂ ಬಿಚ್ಚಿರುತ್ತಿತ್ತು. ಆಮೇಲೆ ಅವರು ತೊಲೋಸಾ ಪಟ್ಟಣಕ್ಕೆ ಹೋದರು. ಸಂಗೀತ ಬರೆಯುತ್ತಾರೆ ಅಂತ ಸುದ್ದಿ ಬರುತ್ತಿತ್ತು. ನಾವೂ ಮಳೆಯ ಸುದ್ದಿ ಕೇಳಿದ ಹಾಗೆ ಕೇಳಿ ಸುಮ್ಮನಾಗುತ್ತಿದ್ದೆವು.

ನಲವತ್ತು ವರ್ಷ ಕಳೆದ ಮೇಲೆ ಒಂದು ದಿನ ನಮ್ಮ ಪಾನದಂಗಡಿಯ ಗೋಡೆಯ ಮೇಲೊಂದು ಭಿತ್ತಿಪತ್ರ ಬಂತು. ಅಂಗಡಿಯ ಒಡತಿ ಬಿಬಿಯಾನಾ ಹುಡುಗಿಯಾಗಿದ್ದಾಗ ಪಿಯಾನೊ ಕಲಿತವಳು, ಮೇಷ್ಟ್ರು ಊರು ಬಿಟ್ಟು ಓಡುವವರೆಗೆ. ಅವಳು ಕೈ ಒರೆಸಿಕೊಂಡು ಗಟ್ಟಿಯಾಗಿ ಓದಿದಳು: ಬರುವ ಭಾನುವಾರ ಮಧ್ಯಾಹ್ನ ತೊಲೋಸಾದ ನಾಟಕಶಾಲೆಯಲ್ಲಿ ವಾದ್ಯವೃಂದದ ಕಾರ್ಯಕ್ರಮ. ಹೊಸ ಕೃತಿ, 'ಎರ್ರೆಕಾಲ್ದೆಯ ಮದುವೆಗಾಡಿ'. ಆ ಗಾಡಿಯ ಜೊತೆ ನಡೆಯುವಾಗ ಕೃತಿಕಾರರ ಕಿವಿಗೆ ಬಿದ್ದ ಒಂದು ಗುನುಗನ್ನು ಆಧರಿಸಿದ್ದು. ಗತಿ: ವಿಳಂಬ. ಶ್ರುತಿ: ಫಾ ಶಾರ್ಪ್ ಮೈನರ್. ಭಾವ: ಶೋಕ.

ಇಡೀ ಅಂಗಡಿ ಉಸೇಬಿಯ ಕಡೆ ತಿರುಗಿತು. ಅವನು ಸೇಬಿನ ಮದ್ಯದ ಲೋಟ ಹಿಡಿದು ಮೂಲೆಯಲ್ಲಿ ಕೂತಿದ್ದ.

"ಮೈನರ್ ಅಂದ್ರೇನು?" ಅಂದ.

"ಅಳುಮೋರೆ ಶ್ರುತಿ" ಅಂದಳು ಬಿಬಿಯಾನಾ. "ಮೇಜರ್ ಮದುವೇಗೆ, ಮೈನರ್ ಹೆಣಕ್ಕೆ."

"ಇದು ಮದುವೆಗಾಡಿ ಅಲ್ವಾ?"

"ಅದನ್ನೇ ನಾನೂ ಕೇಳ್ತಿರೋದು. ಏನಾಗಿತ್ತು ಕಣೋ ಅವತ್ತು ನಿಂಗೆ? ಹೊಟ್ಟೆನೋವಾ?"

"ನಾನು ಗುನುಗೇ ಇಲ್ಲ."

"ಗಾಡಿ ಹೊಡೆಯೋನಲ್ದೆ ಇನ್ಯಾರು ಗುನುಗ್ತಾರೆ, ಎತ್ತಾ?"

"ಗೊರ್ರಿ ಇರ್ಬೋದು" ಅಂದೆ ನಾನು. "ಪಿಂತೊಗೆ ಸಂಗೀತದಲ್ಲಿ ಆಸಕ್ತಿ ಇರ್ಲಿಲ್ಲ."

ಎಲ್ಲರೂ ನಕ್ಕರು. ಉಸೇಬಿ ನಗಲಿಲ್ಲ. ಅವನಿಗೆ ಆಗಲೇ ಹೊಳೆದಿತ್ತು, ಈ ಕಾಗದದ ಮಾತು ಗುಡ್ಡ ಹತ್ತಿ ತನ್ನ ಮನೆ ತಲುಪುವುದಕ್ಕೆ ಎತ್ತಿನ ಗಾಡಿಯಷ್ಟು ಹೊತ್ತು ಬೇಕಾಗಿಲ್ಲ ಅಂತ.

ಬೇಕಾಗಲಿಲ್ಲ. ಮಾರನೆಯ ದಿನ ನಾನು ಹೋದಾಗ ಅವನ ತಟ್ಟೆಯಲ್ಲಿ ಕಪ್ಪು ಬೀನ್ಸ್ ಮಾತ್ರ ಇತ್ತು. ಜೊತೆಗಿರಬೇಕಾದ ಹಂದಿಮಾಂಸದ ತುಂಡು ನನ್ನ ತಟ್ಟೆಗೆ ಬಂತು, ಎರಡೂ. ನಾನು ಊಟಕ್ಕೆ ಬಂದವನೇ ಅಲ್ಲ.

"ತಿನ್ನು ಲಿಬೋರಿ" ಅಂದಳು ಕಸಿಲ್ದಾ. "ಅವನಿಗೆ ಮಾಂಸ ಸೇರಲ್ಲ. ಶೋಕ ಇದೆ."

"ಕಸಿಲ್ದಾ" ಅಂದ ಉಸೇಬಿ.

"ನಿನ್ನ ಅಂಗಿ ಒಗೆದೆ, ನಿಮ್ಮಮ್ಮನ ಕಾಲು ಒತ್ತಿದೆ, ನಿನ್ನ ಎತ್ತಿನ ಗೊರಸಿಗೆ ಔಷಧಿ ಹಚ್ಚಿದೆ. ನನ್ನ ಕರ್ಕೊಂಡು ಬರೋವಾಗ ನಿಂಗೆ ದುಃಖ ಆಗಿತ್ತು ಅನ್ನೋದು ಈಗ ತೊಲೋಸಾದಿಂದ ಗೊತ್ತಾಗ್ಬೇಕು. ಅದೂ ಪಿಟೀಲು ಬಾರಿಸ್ಕೊಂಡು."

"ನಾನು ಗುನುಗೋದನ್ನ ಯಾವತ್ತಾದ್ರೂ ಕೇಳಿದೀಯಾ ನೀನು?"

"ಮುಂದೆ ಮುಂದೆ ಹೋಗೋನು ಗುನುಗಿದ್ರೆ ಹಿಂದಿರೋಳಿಗೆ ಹೇಗೆ ಕೇಳ್ಸುತ್ತೆ? ಡಾನ್ ಕ್ಲಾವುದಿಯೊ ಸುಳ್ಳು ಹೇಳೋ ಮನುಷ್ಯ ಅಲ್ಲ. ಅವರಿಗೆ ಬೂಟಿನ ದಾರ ಕಟ್ಟೋಕೆ ಬರಲ್ಲ, ಸುಳ್ಳು ಎಲ್ಲಿಂದ ಕಟ್ತಾರೆ."

ಇದು ತಮಾಷೆ ಅಂತ ನನಗೆ ಅನ್ನಿಸಿದ್ದು ಅಲ್ಲಿಯವರೆಗೆ. ಅವಳು ಒಲೆಯ ಕಡೆ ತಿರುಗಿ ನಿಂತ ಬಗೆ ನೋಡಿದ ಮೇಲೆ ಎರಡನೆಯ ಮಾಂಸದ ತುಂಡು ತಟ್ಟೆಯಲ್ಲೇ ಉಳಿಯಿತು. ತನ್ನದೆಂದಿದ್ದ ಮನೆ ಬಿಟ್ಟು ಇನ್ನೊಂದು ಮನೆಗೆ ಬಂದವಳು. ಆ ಇನ್ನೊಂದು ಮನೆಯಲ್ಲಾದರೂ ತನ್ನನ್ನು ಬಯಸಿ ಕರೆತಂದರು ಅನ್ನುವುದೊಂದೇ ಅವಳ ಕಾಲಡಿಯ ನೆಲ. ಈಗ ಅದೂ ಅಲುಗಾಡುತ್ತಿತ್ತು.

"ತೊಲೋಸಾಕ್ಕೆ ಹೋಗ್ಬರೋಣ" ಅಂದ ಉಸೇಬಿ ನನ್ನನ್ನು ಅಂಗಳಕ್ಕೆ ಕರೆದು. "ಆ ಮನುಷ್ಯನ್ನೇ ಕೇಳ್ಬೇಕು. ಅದು ನಾನಲ್ಲ ಅಂತ ಅವನ ಬಾಯಲ್ಲೇ ಹೇಳಿಸ್ಬೇಕು."

ಡಾನ್ ಕ್ಲಾವುದಿಯೊ ನದಿಯ ಪಕ್ಕದ ಬೀದಿಯಲ್ಲಿ ತಂಗಿಯ ಜೊತೆಗಿದ್ದರು. ಕೂದಲು ಹೋಗಿತ್ತು, ಬೆನ್ನು ಬಾಗಿತ್ತು, ಬೂಟಿನ ದಾರ ಮಾತ್ರ ಹಾಗೇ ಬಿಚ್ಚಿತ್ತು. ನಮ್ಮನ್ನು ಪಿಯಾನೊದ ಪಕ್ಕ ಕೂರಿಸಿದರು. ಉಸೇಬಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, ಎತ್ತಿನ ವ್ಯಾಪಾರಕ್ಕೆ ಕೂತವನ ಹಾಗೆ ಬಳಸಿ ಬಳಸಿ ಶುರು ಮಾಡಿದ.

"ಡಾನ್ ಕ್ಲಾವುದಿಯೊ, ನಿಮ್ಮ ಸಂಗೀತ ಚೆನ್ನಾಗೇ ಇರುತ್ತೆ, ಅದರಲ್ಲಿ ಮಾತಿಲ್ಲ. ಆದ್ರೆ ಭಾನುವಾರದೊಳಗೆ ಅದನ್ನ ಒಂಚೂರು ಚುರುಕು ಮಾಡೋಕಾಗುತ್ತಾ?"

"ಚುರುಕಾ?" ಅಂದರು ಅವರು. "ಅದು ನಿನ್ನ ಎತ್ತುಗಳ ಗತಿ ಉಸೇಬಿ. ನಾನು ಅವುಗಳ ಹೆಜ್ಜೆಗೆ ಹೆಜ್ಜೆ ಹಾಕಿ ಬಂದೋನು. ವಾದ್ಯದವರು ಮೊದಲ ದಿನವೇ ಜಗಳ ಆಡಿದ್ರು, ಇಷ್ಟು ನಿಧಾನಕ್ಕೆ ಬಿಲ್ಲು ಎಳೆದ್ರೆ ತೋಳು ಬಿದ್ದುಹೋಗುತ್ತೆ ಅಂತ. ನಿಜ ಹೇಳ್ಬೇಕು ಅಂದ್ರೆ ನಾನೇ ಸ್ವಲ್ಪ ಓಡಿಸಿದೀನಿ. ಎತ್ತಿನ ಗತೀಲೇ ಬರೆದಿದ್ರೆ ಜನ ಹಾಸಿಗೆ ತಗೊಂಡು ಬರ್ಬೇಕಾಗ್ತಿತ್ತು."

"ಆ ಶ್ರುತಿ? ಅಳುಮೋರೆದು?"

"ಅದು ಇರುಸಿನದು." ಅವರು ಪಿಯಾನೊದ ಒಂದು ಮನೆಯನ್ನು ಒತ್ತಿದರು. ತಗ್ಗಿದ, ಒರಟಾದ ಸ್ವರವೊಂದು ಎದ್ದಿತು. ನನಗೆ ನಲವತ್ತು ವರ್ಷದ ಹಿಂದಿನ ರಾಳದ ವಾಸನೆ ಮೂಗಿಗೆ ಬಡಿಯಿತು. "ಅವತ್ತು ಆ ಸ್ವರವನ್ನ ಬಾಯಲ್ಲಿ ನೀರು ತುಂಬ್ಕೊಂಡ ಹಾಗೆ ಹಿಡ್ಕೊಂಡು ಚರ್ಚಿಗೆ ಓಡಿದೆ. ಆರ್ಗನ್ನಿನಲ್ಲಿ ಹುಡುಕಿದ್ರೆ, ಫಾ ಶಾರ್ಪ್. ರಾಳ ಯಾರು ಹಾಕಿದ್ದು?"

"ನಾನು" ಅಂದೆ.

"ಒಳ್ಳೆ ಕೈ" ಅಂದರು. ನನ್ನನ್ನು ಸಂಗೀತಗಾರರೊಬ್ಬರು ಹೊಗಳಿದ್ದು ಅದೊಂದೇ ಸಲ.

ಉಸೇಬಿ ಕೆಮ್ಮಿದ. "ಗತಿ ಎತ್ತಿಂದು, ಶ್ರುತಿ ಗಾಡೀದು, ಸರಿ. ಆ ಶೋಕ ಯಾರದು? ಅದನ್ನೊಂದು ಅಳಿಸಿ 'ಸಂತೋಷ' ಅಂತ ಹಾಕಿಬಿಡಿ. ಒಂದು ಪದ ತಾನೇ. ನನ್ನ ಮನೇಲಿ ಊಟ ಸರಿಹೋಗುತ್ತೆ."

ಡಾನ್ ಕ್ಲಾವುದಿಯೊ ಪಿಯಾನೊದ ಮುಚ್ಚಳ ಮುಚ್ಚಿದರು. "ಮೊದಲು ಹಾಗೇ ಬರೆದಿದ್ದೆ. ಮದುವೆ ಅಂತ ಅಲ್ವಾ. ಚುರುಕಾಗಿ, ಮೇಜರಿನಲ್ಲಿ. ಎಷ್ಟೋ ವರ್ಷ ಅದನ್ನ ತಿದ್ದಿದೆ, ಜೀವ ಬರ್ಲಿಲ್ಲ. ಆಮೇಲೆ ಅರ್ಥ ಆಯ್ತು, ನಾನು ಕೇಳಿದ್ದು ಅದಲ್ಲ. ಊರಿಗೆಲ್ಲ ಕಿರುಚಾಟ ಕೇಳಿಸ್ತು. ನನಗೆ ಅದು ಶ್ರುತಿ. ಶ್ರುತಿ ಕಿವಿಗೆ ಕೂತ ಮೇಲೆ ಅದರ ಮೇಲೆ ಹಾಡೋರು ತಾನಾಗೇ ಕೇಳಿಸ್ತಾರೆ. ಯಾರೋ ಇರುಸಿಗೆ ಸರಿಯಾಗಿ ಸ್ವರ ಕೂಡಿಸ್ಕೊಂಡು ಗುನುಗ್ತಿದ್ರು. ಎದೆ ಒಡೆಯೋ ಹಾಗಿತ್ತು. ನೀನೇ ಅಂದ್ಕೊಂಡಿದ್ದೆ."

"ನಾನು ಎತ್ತಿನ ಮುಂದಿದ್ದೆ. ನೀವೆಲ್ಲಿದ್ರಿ?"

"ಹಿಂದೆ, ಎಡಚಕ್ರದ ಹತ್ತಿರ. ಗುನುಗು ಬಲಗಡೆಯಿಂದ ಬರ್ತಿತ್ತು. ನಡುವೆ ಹಾಸಿಗೆ, ಪೆಟಾರಿ ಎಲ್ಲ ಗುಡ್ಡ ಬಿದ್ದಿತ್ತು, ಮುಖ ಕಾಣ್ಲಿಲ್ಲ. ಗಾಡಿಯೋನು ಎಲ್ಲಿ ನಡೀತಾನೆ ಅಂತ ನಂಗೇನು ಗೊತ್ತು, ನಾನು ಆರ್ಗನ್ ಬಾರಿಸೋನು."

ಉಸೇಬಿ ಎದ್ದು ಅವರ ಎರಡೂ ಕೈ ಹಿಡಿದು ಕುಲುಕಿದ. ಬೀದಿಗಿಳಿದವನೇ ಅಂಗಡಿಗೆ ಹೋಗಿ ಹೆಂಡತಿಗೆ ಅಂತ ಬಾದಾಮಿ ಬಿಸ್ಕತ್ತಿನ ಡಬ್ಬಿ ತಗೊಂಡ. "ಬಲಗಡೆ ಲಿಬೋರಿ, ಬಲಗಡೆ! ನಾನು ಮುಂದಿದ್ದೆ. ನೀನೇ ಸಾಕ್ಷಿ" ಅಂತ ಬಸ್ಸಿನಲ್ಲಿ ಕೂರುವವರೆಗೂ ಹೇಳುತ್ತಲೇ ಇದ್ದ. ಇಡೀ ಬಸ್ಸಿಗೆ ಗೊತ್ತಾಯಿತು ಅವನು ಮುಂದಿದ್ದ ಅಂತ. ಒಬ್ಬ ಮುದುಕಿ ಅಭಿನಂದನೆ ಕೂಡ ಹೇಳಿದಳು.

ಪಟ್ಟಣ ದಾಟಿತು. ಕಾಗದದ ಕಾರ್ಖಾನೆಯ ಚಿಮಣಿ ದಾಟಿತು. ಉಸೇಬಿಯ ಮಾತು ನಿಧಾನಕ್ಕೆ ನಿಂತಿತು, ಹಿಂದಿರುಗಿ ನೋಡಿದಾಗ ಎತ್ತು ನಿಂತ ಹಾಗೆ.

"ಬಲಗಡೆ ಯಾರಿದ್ರು?" ಅಂದ.

"ನಾನು ಗಾಡಿ ಕೆಳಗಿದ್ದೆ. ಇರುಸು ಬಿಟ್ಟು ಇನ್ನೇನೂ ಕಾಣ್ತಿರ್ಲಿಲ್ಲ."

"ಕಾಲಾದ್ರೂ ಕಂಡಿರುತ್ತೆ."

ಕಂಡಿತ್ತು. ಕರಿ ಉಣ್ಣೆಯ ಕಾಲುಚೀಲ, ಹೊಸ ಚರ್ಮದ ಚಪ್ಪಲಿ, ಹಿಮ್ಮಡಿಗೆ ಅಂಟಿದ ಆಲ್ದಾಬೆಯ ಕೆಂಪು ಮಣ್ಣು. ಹೆಣ್ಣು ತನ್ನ ಪೆಟಾರಿಯ ಮೇಲೆ ಕೈಯಿಟ್ಟುಕೊಂಡು ಗಾಡಿಯ ಬಲಕ್ಕೆ ನಡೆಯುವುದು ನಮ್ಮ ಪದ್ಧತಿ. ಎಲ್ಲರಿಗೂ ಗೊತ್ತಿರುವುದು ಯಾರಿಗೂ ಹೊಳೆದಿರಲಿಲ್ಲ. ನಾನು ಕಿಟಕಿಯಾಚೆ ನೋಡಿದೆ. ಅವನಿಗೆ ಅಷ್ಟೇ ಸಾಕಾಯಿತು.

ಬಿಸ್ಕತ್ತಿನ ಡಬ್ಬಿ ಅವನ ತೊಡೆಯ ಮೇಲೆ ಕೂತಿತ್ತು. ಅದರ ಕೆಂಪು ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಹೇಳಿದ, "ಹಾಗಾದ್ರೆ ಅವಳು ಅಳ್ತಾ ಬಂದ್ಲು."

"ಹೋಗಿ ಹೇಳು" ಅಂದೆ ತಮಾಷೆಗೆ. "ನಿನ್ನ ಮಾಂಸದ ತುಂಡು ವಾಪಸ್ಸು ಬರುತ್ತೆ."

"ಏನಂತ ಹೇಳ್ಲಿ? ನೀನು ನನ್ನ ಮನೆಗೆ ಎದೆ ಒಡ್ಕೊಂಡು ಬಂದೆ, ಊರಿಗೆಲ್ಲ ಗೊತ್ತಾಯ್ತು, ಭಾನುವಾರ ಪಿಟೀಲಿನೋರು ಬಾರಿಸ್ತಾರೆ ಅಂತಾನಾ?" ದಾರವನ್ನು ಮತ್ತೆ ಬೆರಳಿಗೆ ಬಿಗಿದು ಅಂದ, "ನಾನು ಒಂದ್ಸಲ ತಿರುಗಿ ನೋಡಿದ್ರೂ ಸಾಕಿತ್ತು. ಎತ್ತು ನಿಲ್ತಿದ್ವು, ನಿಲ್ಲಲಿ."

ಊರು ಬರುವವರೆಗೆ ನಾನು ಬಿಸ್ಕತ್ತಿನ ಡಬ್ಬಿಯ ಮೇಲಿನ ಅಕ್ಷರ ಓದುತ್ತಾ ಕೂತೆ. ಇಳಿಯುವ ಹೊತ್ತಿಗೆ ಅದು ನನಗೆ ಬಾಯಿಪಾಠವಾಗಿತ್ತು.

ಮನೆಗೆ ಬಂದಾಗ ಕಸಿಲ್ದಾ ಅಂಗಳದಲ್ಲಿ ಬೀನ್ಸ್ ಸುಲಿಯುತ್ತಿದ್ದಳು. ತಲೆ ಎತ್ತದೆ, "ಏನಂದ್ರು?" ಅಂತ ಕೇಳಿದಳು.

ಉಸೇಬಿ ಡಬ್ಬಿಯನ್ನು ಅವಳ ಪಕ್ಕ ಇಟ್ಟ. "ನಾನೇ ಅಂತೆ" ಅಂದ.

ನಾನು ಅವನ ಮುಖ ನೋಡಿದೆ. ಎತ್ತಿನ ವ್ಯಾಪಾರದಲ್ಲೂ ಸುಳ್ಳು ಹೇಳಿ ಗೊತ್ತಿಲ್ಲದವನು, ಕಿವಿಯ ತುದಿ ಟೊಮೆಟೊದ ಹಾಗೆ ಕೆಂಪಾಗಿತ್ತು.

"ಅವತ್ತು ಒಂಚೂರು ಹೆದರಿಕೆ ಇತ್ತು" ಅಂದ. "ದೊಡ್ಡ ಮನೆಯೋಳು, ನಮ್ಮ ಒಲೆ ಸಣ್ಣದು. ಏನೋ ಗುನುಗಿರ್ಬೇಕು. ಮರ್ತಿದ್ದೆ."

"ಗೊತ್ತಿತ್ತು ನಂಗೆ" ಅಂದಳು ಅವಳು. ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ನಾನು ತೆಗೆದುಕೊಳ್ಳಬಾರದಿತ್ತು. ಆದರೆ ಆ ಹೆಂಗಸು ಕೊಟ್ಟದ್ದನ್ನು ಬೇಡ ಅನ್ನುವ ಧೈರ್ಯ ನಮ್ಮ ಕಣಿವೆಯಲ್ಲಿ ಯಾರಿಗೂ ಇಲ್ಲ.

ಭಾನುವಾರದವರೆಗೆ ಎರ್ರೆಕಾಲ್ದೆಯಲ್ಲಿ ಎಷ್ಟು ತಣ್ಣಗಿತ್ತು ಅಂದರೆ ಒಲೆಯ ಬೆಂಕಿ ಹೊರಗೆ ಬಂದು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಅವಳು ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಊರೆಲ್ಲ ಹೊರಟಾಗ ಒಬ್ಬಳೇ ಉಳಿದರೆ ಊರು ಏನೆನ್ನುತ್ತದೋ ಅಂತ ಕಪ್ಪು ಅಂಗಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಬಂದಳು. ನಾಟಕಶಾಲೆಯಲ್ಲಿ ನಮಗೆ ಮೊದಲ ಮಹಡಿಯಲ್ಲಿ ಜಾಗ. ಅವಳು ನಡುವೆ, ಈ ಕಡೆ ನಾನು, ಆ ಕಡೆ ಉಸೇಬಿ.

ಮೊದಲು ದಪ್ಪ ತಂತಿಯ ವಾದ್ಯಗಳು ಶುರು ಮಾಡಿದವು. ಒಂದು ಹೆಜ್ಜೆ, ನಿಲುಗಡೆ, ಇನ್ನೊಂದು ಹೆಜ್ಜೆ. ನಮ್ಮ ಊರಿನವರು ಒಬ್ಬರನ್ನೊಬ್ಬರು ತಿವಿದುಕೊಂಡರು. ಗೊರ್ರಿ ಎಡಗಾಲು ಎಳೆಯುತ್ತಿದ್ದದ್ದನ್ನೂ ಆ ಮನುಷ್ಯ ಬಿಟ್ಟಿರಲಿಲ್ಲ. ಆಮೇಲೆ ಎಲ್ಲಿಂದಲೋ ಒಂದು ಸ್ವರ ಎದ್ದಿತು. ಬಿಲ್ಲನ್ನು ತಂತಿಯ ಮೇಲೆ ಒತ್ತಿ ಉಜ್ಜಿ, ನಯ ಎಲ್ಲ ಕಿತ್ತುಹಾಕಿದ ಸ್ವರ. ಇರುಸು. ಪಟ್ಟಣದ ಜನ ಹಲ್ಲು ಕಚ್ಚಿ ಕೂತರು. ನಾವು ನೆಟ್ಟಗೆ ಕೂತೆವು. ಮದುವೆಗಾಡಿಯ ಕಿರುಚಾಟ ಕೇಳಿದರೆ ಕೇಕೆ ಹಾಕಬೇಕು, ಇಲ್ಲದಿದ್ದರೆ ಹೆಣ್ಣಿಗೆ ಅವಮಾನ. ಬಿಬಿಯಾನಾ ಅಭ್ಯಾಸಬಲದಿಂದ ಎದ್ದು ನಿಂತು ಹಾಕಿಯೇಬಿಟ್ಟಳು, ಮೇಲೇರಿ, ನಡುಗಿ, ಕುದುರೆಯ ಕೆನೆತದ ಹಾಗೆ ಮುಗಿಯುವ ನಮ್ಮ ಕೇಕೆ. ಅವಳ ಹಿಂದೆ ಇನ್ನೂ ಮೂರ್ನಾಲ್ಕು ಜನ. ವಾದ್ಯ ನಡೆಸುತ್ತಿದ್ದವರ ಬೆನ್ನು ಒಮ್ಮೆ ಜಿಗಿಯಿತು. ತೂಗುದೀಪದ ಗಾಜುಗಳು ಇನ್ನೂ ಅಲ್ಲಾಡುತ್ತಿವೆಯಂತೆ. ಆದರೆ ಅವರು ನಿಲ್ಲಿಸಲಿಲ್ಲ, ಒಳ್ಳೆಯ ಗಾಡಿಯವರು.

ಕೇಕೆ ಅಡಗಿದ ಮೇಲೆ ಆ ಗುನುಗು ಬಂತು. ಒಂದೇ ಒಂದು ಚೆಲ್ಲೊ, ಮಂಡಿಗಳ ನಡುವೆ ಹಿಡಿದು ಬಾರಿಸುವ ದೊಡ್ಡ ಪಿಟೀಲು, ಬಾಯಿ ಮುಚ್ಚಿಕೊಂಡು ಹಾಡಿದ ಹಾಗೆ. ಕಿರುಚುವ ಸ್ವರದ ಅಡಿಯಲ್ಲಿ, ಗಾಡಿಯ ನೆರಳಿನಲ್ಲಿ ನಡೆಯುವವರ ಹಾಗೆ. ಆಗಷ್ಟೇ ನನ್ನ ಕಿವಿಯೊಳಗಿನ ನಲವತ್ತು ವರ್ಷದ ಉಣ್ಣೆಯನ್ನು ಯಾರೋ ಕಿತ್ತ ಹಾಗಾಯಿತು.

ಕಸಿಲ್ದಾಳ ಮುಖದಲ್ಲಿ ಏನೂ ಇರಲಿಲ್ಲ. ಕೈ ಮಾತ್ರ ಮಡಿಲಿನಲ್ಲಿ ಆಡತೊಡಗಿತ್ತು. ಬಲ ಅಂಗೈ ಎಡ ಅಂಗೈಯನ್ನು ತಟ್ಟಿ ಒಂದು ಸುತ್ತು ತಿರುಗಿಸುವುದು, ಮತ್ತೆ ಎಡಗೈ ಬಲಗೈಯನ್ನು. ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಅಂಗೈಗಳ ನಡುವೆ ತಟ್ಟಿ ರೊಟ್ಟಿ ಮಾಡುವ ಕೈ. ಅವಳಿಗೆ ಅದರ ಅರಿವೇ ಇರಲಿಲ್ಲ. ಉಸೇಬಿ ವೇದಿಕೆಯನ್ನು ಬಿಟ್ಟು ಆ ಕೈಗಳನ್ನೇ ನೋಡುತ್ತಿದ್ದ. ಚೆಲ್ಲೊ ನಿಂತಾಗ ಕೈಗಳೂ ನಿಂತವು. ಆಗ ಅವಳು ಕೈಗಳನ್ನು ನೋಡಿಕೊಂಡಳು, ಬೇರೆ ಯಾರದೋ ಕೈ ತನ್ನ ಮಡಿಲಿಗೆ ಬಂದು ಬಿದ್ದ ಹಾಗೆ. ಆಮೇಲೆ ಗಂಡನ ಕಡೆ ತಿರುಗಿದಳು. ಅವನು ಥಟ್ಟನೆ ತೂಗುದೀಪ ನೋಡತೊಡಗಿದ.

ಬಸ್ಸಿನಲ್ಲಿ ಕಸಿಲ್ದಾ ಕಿಟಕಿಯ ಪಕ್ಕ ಕೂತಳು. ಆಲ್ದಾಬೆಯ ಸೇಬಿನ ತೋಟದ ಪಕ್ಕ ಬಸ್ಸು ಹೋಗುವಾಗ ಎಂದೂ ಅತ್ತ ತಿರುಗದವಳು ಅವತ್ತು ತಿರುಗಿ ನೋಡಿದಳು. ಕವಲುದಾರಿಯಲ್ಲಿ ಇಳಿದು ಮೂವರೂ ಗುಡ್ಡ ಹತ್ತತೊಡಗಿದೆವು. ಬೆಳಕು ಇನ್ನೂ ಇತ್ತು. ಉಸೇಬಿ ಮುಂದೆ, ಕೋಲು ಹೆಗಲ ಮೇಲೆ. ಹಿಂದೆ ನಾನು, ಕಸಿಲ್ದಾ.

"ಉಸೇಬಿ" ಅಂದಳು ಅವಳು.

"ಹಾಂ" ಅಂದ ಅವನು, ತಿರುಗದೆ.

"ಗುನುಗಿದ್ದು ನೀನೇ ಅಂದ್ಯಲ್ಲ."

"ಅಂದೆ."

"ಆ ಹಾಡು ನಿಂಗೆ ಹೇಗೆ ಗೊತ್ತಿತ್ತು? ಅದು ಆಲ್ದಾಬೆ ಒಲೆಮುಂದಿನ ಹಾಡು. ರೊಟ್ಟಿ ತಟ್ಟೋವಾಗ ನಮ್ಮಮ್ಮ ಹಾಡ್ತಿದ್ಲು. ಮುಂದೆ ಒಲೆ ನಿಂದೇ ತಾನೇ ಅಂತ ನಂಗೊಬ್ಬಳಿಗೇ ಹೇಳ್ಕೊಟ್ಟಿದ್ಲು."

ಅವನು ನಡೆಯುತ್ತಲೇ ಇದ್ದ.

"ಆ ಕಿರುಚಾಟದಲ್ಲಿ ಯಾರಿಗೂ ಕೇಳ್ಸಲ್ಲ ಅಂದ್ಕೊಂಡಿದ್ದೆ" ಅಂದಳು. "ಅಷ್ಟು ಜನರ ಮಧ್ಯೆ ಇನ್ನೆಲ್ಲಿ ಅಳೋಕೆ ಜಾಗ ಇತ್ತು ನಂಗೆ. ಗುನುಗಿದ್ದು ನೆನಪೂ ಇರ್ಲಿಲ್ಲ, ಇವತ್ತು ಕೇಳೋ ತನಕ. ಆ ಒಲೆ ಬಿಟ್ಟು ಬಂದದ್ದಕ್ಕೆ ಅತ್ತದ್ದು ಕಣೋ. ಆ ಹೆಸರು ಬಿಟ್ಟು ಬಂದದ್ದಕ್ಕೆ. ನಿನ್ನ ಕಡೆ ಬರೋದಕ್ಕಲ್ಲ."

"ನನ್ನ ಕಡೆ ಬರೋದಕ್ಕೆ ಒಂಚೂರೂ ಇಲ್ವಾ?"

"ನಿನ್ನ ಎತ್ತುಗಳಿಗೆ ಒಂಚೂರು. ಈ ಜನ್ಮದಲ್ಲಿ ತಲುಪ್ತೀವೋ ಇಲ್ವೋ ಅಂತ."

ನಾನು ನಕ್ಕೆ. ನಗಬಾರದಿತ್ತೇನೋ, ಆದರೆ ಮೊದಲ ನೆರೆಯವನಿಗೆ ಅಷ್ಟು ಸಲಿಗೆ ಇದೆ.

"ಡಾನ್ ಕ್ಲಾವುದಿಯೊ ಗತಿ ತಪ್ಪು" ಅಂದಳು ಕಸಿಲ್ದಾ. "ಅಷ್ಟು ನಿಧಾನಕ್ಕೆ ಹಾಡಿದ್ರೆ ರೊಟ್ಟಿ ಸೀದು ಇದ್ದಲಾಗ್ತಿತ್ತು. ನಮ್ಮಮ್ಮನ ಗತಿ ಬೇರೆ."

"ಹೇಗಿತ್ತು?"

ಅವಳು ಗುನುಗಿದಳು. ಅದೇ ಸ್ವರಗಳು, ಆದರೆ ಬೇಗ ಬೇಗ, ಒಂದರ ಕೈಯಿಂದ ಇನ್ನೊಂದರ ಕೈಗೆ ಜಿಗಿಯುವ ಹಾಗೆ. ಸಂತೋಷದ್ದೇ ಅಂತಲೂ ಹೇಳಲಾಗದು, ದುಃಖದ್ದೇ ಅಂತಲೂ ಹೇಳಲಾಗದು. ಕೆಲಸ ಇರುವ ಹಾಡು.

ಉಸೇಬಿ ನಿಂತ. ಹೆಗಲ ಮೇಲಿನ ಕೋಲು ಇಳಿಸಿದ. ಆಮೇಲೆ, ನಮ್ಮ ಕಣಿವೆ ಹುಟ್ಟಿದಾಗಿನಿಂದ ಯಾರೂ ಕಾಣದ ಕೆಲಸ ಮಾಡಿದ: ಹಿಂದಿರುಗಿದ. ಇಳಿದು ಬಂದು ಅವಳ ಬಲಕ್ಕೆ ನಿಂತ.

"ಮುಂದಿದ್ರೆ ಸರಿಯಾಗಿ ಕೇಳ್ಸಲ್ಲ" ಅಂದ. "ಇನ್ನೊಂದ್ಸಲ ಹೇಳು."

"ಬೀದೀಲಾ? ಲಿಬೋರಿ ಕೇಳಿಸ್ಕೋತಾನೆ."

"ಅವನ ಕಿವೀಲಿ ಉಣ್ಣೆ ಇದೆ."

ಅವನಿಗೆ ಪಕ್ಕದಲ್ಲಿ ನಡೆದು ಅಭ್ಯಾಸವಿಲ್ಲವಲ್ಲ, ಎರಡು ಹೆಜ್ಜೆಗೊಮ್ಮೆ ಅವಳ ಕಾಲು ತುಳಿಯುತ್ತಿದ್ದ. ಅವಳು ಬೈದು ಮತ್ತೆ ಗುನುಗುತ್ತಿದ್ದಳು. ಯಾರಾದರೂ ಮುಂದೆ ನಡೆಯಬೇಕಲ್ಲ ಅಂತ ನಾನು ಅವರನ್ನು ದಾಟಿ ಮುಂದೆ ಹೋದೆ. ಗುಡ್ಡದ ತುದಿಯವರೆಗೂ ಹಿಂದಿರುಗಿ ನೋಡಲಿಲ್ಲ. ನೋಡಿದರೆ ನಿಂತುಬಿಡುತ್ತಾರೆ.